ಗ್ರಂಧಿಗೆ ಅಂಗಡಿಯ ಲವಂಗದೆಣ್ಣೆ: ಯಾವುದನ್ನು ಕೊಳ್ಳಬೇಕು, ಎಲ್ಲಿಯವರೆಗೆ ನಂಬಬೇಕು

ತುಮಕೂರಿನ ಮಂಡಿಪೇಟೆ ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ಹಲ್ಲುನೋವಿಗೆ ಹಾಕುವ ಲವಂಗದೆಣ್ಣೆ ಎರಡು ಥರ ಸಿಗುತ್ತದೆ: ಸೀಲ್ ಮಾಡಿದ ಕಂದು ಗಾಜಿನ ಬಾಟಲಿಯದು, ದೊಡ್ಡ ಸೀಸೆಯಿಂದ ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಡುವುದು. ಎರಡನೆಯದು ಬೇಡ. ಲವಂಗದೆಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ಕೆಲವು ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸುತ್ತದೆ, ಡ್ರಾಪರಿನ ರಬ್ಬರೂ ಉಬ್ಬುತ್ತದೆ.

ನೀರಿಗೆ ಹನಿ ಬಿಟ್ಟರೆ ಒಳ್ಳೆಯ ಲವಂಗದೆಣ್ಣೆ ಮುಳುಗುತ್ತದೆ. ಆದರೆ ಕಾಲುಭಾಗ ಎಳ್ಳೆಣ್ಣೆ ಬೆರೆಸಿದ್ದರೂ ಮುಳುಗೀತು, ಹಾಗಾಗಿ ಕಾಗದದ ಪರೀಕ್ಷೆಯೇ ವಾಸಿ: ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದೆರಡು ದಿನ ಬಿಡಿ. ಬೆಳಕಿಗೆ ಹಿಡಿದಾಗ ಜಿಡ್ಡಿನ ಕಲೆ ಹಾಗೇ ಕಂಡರೆ ಅಡುಗೆ ಎಣ್ಣೆ ಸೇರಿದೆ. ಮೊಗ್ಗಿನ ಬದಲು ಎಲೆಯಿಂದ ತೆಗೆದ ಎಣ್ಣೆ ಅಗ್ಗ, ವಾಸನೆ ಒರಟು. ಹಲ್ಲುನೋವಿಗೆ ಅದೂ ನಡೆಯುತ್ತದೆ.

ಹಿಂದೆ ಹಳ್ಳಿ ಡಿಸ್ಪೆನ್ಸರಿಯಲ್ಲಿ ದಂತವೈದ್ಯರೆಲ್ಲಿ ಬರಬೇಕು! ಹಲ್ಲಿಗೆಂದು ಇರುತ್ತಿದ್ದದ್ದು ಕೀಳುವ ಇಕ್ಕಳ, ಲವಂಗದೆಣ್ಣೆ, ಜಿಂಕ್ ಆಕ್ಸೈಡ್ ಪುಡಿ. ಗಾಜಿನ ಹಲಗೆಯ ಮೇಲೆ ಎರಡು ಹನಿ ಎಣ್ಣೆ ಹಾಕಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತಾ ಚಪ್ಪಟೆ ಕಡ್ಡಿಯಿಂದ ಒತ್ತಿ ಅರೆಯುತ್ತಿದ್ದರು. ಬೆರಳಿಗೆ ಅಂಟದೆ ಉಂಡೆಯಾದಾಗ ಹದ. ಪುಡಿ ಕಮ್ಮಿಯಾದರೆ ಗಟ್ಟಿಯಾಗದೆ ಜಾರಿ, ಎಣ್ಣೆ ಒಸಡಿಗೆ ಇಳಿದು ಸುಡುತ್ತದೆ. ಹುಳುಕಿನ ತೂತನ್ನು ತೊಳೆದು, ಹತ್ತಿಯಿಂದ ಒರೆಸಿ, ಉಂಡೆ ತುಂಬಿ ಹಲ್ಲು ಕಚ್ಚಿಸುತ್ತಿದ್ದರು. ಬಾಯಿಯ ತೇವ, ಬಿಸಿಗೆ ಅದು ಹಲಗೆಯ ಮೇಲಿದ್ದಾಗಿಗಿಂತ ಬೇಗ ಗಟ್ಟಿಯಾಗುತ್ತದೆ. ದಂತವೈದ್ಯರು ತಾತ್ಕಾಲಿಕ ಫಿಲ್ಲಿಂಗಿಗೆ ಈಗಲೂ ಇದೇ ಜೋಡಿಯನ್ನು ಬಳಸುತ್ತಾರೆ.

ಮನೆಯಲ್ಲಿ ಇಷ್ಟೆಲ್ಲ ಬೇಡ. ಸಾಸಿವೆ ಗಾತ್ರದ ಹತ್ತಿ ಉಂಡೆಗೆ ಒಂದು ಹನಿ ಮುಟ್ಟಿಸಿ, ಹೆಚ್ಚಾದದ್ದನ್ನು ಬಟ್ಟೆಗೆ ಒತ್ತಿ ತೆಗೆದು, ತೂತಿನೊಳಗೆ ಮಾತ್ರ ಇಡಿ. ಒಸಡಿಗೆ ಸವರುವವರೇ ಜಾಸ್ತಿ; ಬಿಳಿ ಹುಣ್ಣಾಗುವುದು ಅದರಿಂದಲೇ. ಸಣ್ಣ ಮಕ್ಕಳಿಗೆ ಬೇಡವೇ ಬೇಡ, ಹೊಟ್ಟೆಗೆ ಹೋದರೆ ಅಪಾಯ.

ತಣ್ಣೀರಿಗೆ ಜುಮ್ಮೆನ್ನುವ ನೋವಿಗೆ ಇದು ಕೆಲ ಗಂಟೆ ಬಿಡುವು ಕೊಡುತ್ತದೆ, ಹುಳುಕು ಮಾತ್ರ ಒಳಗೆ ಮುಂದುವರಿಯುತ್ತದೆ. ದವಡೆ ಊದಿದ್ದರೆ, ಕೀವಿದ್ದರೆ, ಜ್ವರವಿದ್ದರೆ ಬಾಟಲಿ ಮುಟ್ಟದೆ ಆಸ್ಪತ್ರೆಗೆ ಹೋಗಿ. ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬಂದ ಕಂದು ಕಲೆಗೆ ಈ ಎಣ್ಣೆಯನ್ನು ಕೊಳ್ಳಬೇಡಿ. ಆ ಕಲೆಗೆ ಕಾರಣವಾದ ದೋಷ ಹಲ್ಲು ರೂಪುಗೊಳ್ಳುವಾಗಲೇ ಅದರ ಗಟ್ಟಿ ಹೊರಪದರವಾದ ಎನಾಮಲಿನೊಳಗೆ ಸೇರಿದ್ದು. ಇಟ್ಟಿಗೆ ಪುಡಿ ತಿಕ್ಕಿದರೂ ಹೋಗದು, ಹಲ್ಲು ಸವೆದೀತು ಅಷ್ಟೇ.

ಒಂದು ಮನೆಗೆ 5 ಮಿ.ಲೀ. ಧಾರಾಳ. ದಂತವೈದ್ಯರ ಹತ್ತಿರ ಹೋದಾಗ ಎಣ್ಣೆ ಹಾಕಿದ್ದನ್ನು ಮರೆಯದೆ ಹೇಳಿ: ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗಲು ಯೂಜಿನಾಲ್ ಬಿಡುವುದಿಲ್ಲ.