ಒಂದೇ ಪಾಠ, ಮೂರು ದಾರಿ: ವಿದ್ಯುತ್ ಮಂಡಲ ಕಲಿಸಿ ನೋಡಿದ ಹೋಲಿಕೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ವಿದ್ಯುಚ್ಛಕ್ತಿಯ ಅಧ್ಯಾಯ ಬಂದಾಗಲೆಲ್ಲ ನನಗೆ ಎದುರಾಗುವ ಒಂದು ತಪ್ಪು ಉತ್ತರವಿದೆ. ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ, ಜೋಡಿಸಿದ ಒಂದೇ ಬಗೆಯ ಎರಡು ಬಲ್ಬುಗಳ ಚಿತ್ರವನ್ನು ಹಲಗೆಯ ಮೇಲೆ ಬರೆದು, ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದರೆ ಬಹುಪಾಲು ಮಕ್ಕಳು ‘ಮೊದಲನೆಯದು’ ಎನ್ನುತ್ತಾರೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತನ್ನು ಮೊದಲ ಬಲ್ಬು ಒಂದಿಷ್ಟು ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ತರ್ಕ. ನಿಜಕ್ಕೂ ಎರಡೂ ಸಮನಾಗಿಯೇ ಬೆಳಗುತ್ತವೆ. ನಾಲೆಯ ತಲೆಯಲ್ಲಿರುವ ಗದ್ದೆಗೆ ನೀರು ಹೆಚ್ಚು, ಕೊನೆಯಲ್ಲಿರುವುದಕ್ಕೆ ಕಡಿಮೆ ಎಂಬುದನ್ನು ಹುಟ್ಟಿನಿಂದ ಕಂಡಿರುವ ಹಾಸನ ಜಿಲ್ಲೆಯ ಹಳ್ಳಿಯ ಮಕ್ಕಳಿಗೆ ಈ ತರ್ಕ ಹೊಳೆಯದಿದ್ದರೇ ಆಶ್ಚರ್ಯ. ಓಮ್‌ನ ನಿಯಮದ ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸುವವರೂ ಹೀಗೆಯೇ ಉತ್ತರಿಸುವುದನ್ನು ನೋಡಿ ನೋಡಿ, ಈ ಒಂದು ತಪ್ಪನ್ನು ಅಲುಗಾಡಿಸಲು ಯಾವ ಸಾಧನ ನಿಜಕ್ಕೂ ನೆರವಾಗುತ್ತದೆ ಎಂದು ಪರೀಕ್ಷಿಸಲು ಹೊರಟೆ.

ಮೂರು ವರ್ಷಗಳಲ್ಲಿ, ಎ ಮತ್ತು ಬಿ ವಿಭಾಗಗಳಲ್ಲಿ, ಇದೇ ಭಾಗವನ್ನು ಮೂರು ಬಗೆಯಲ್ಲಿ ಕಲಿಸಿದೆ: ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಹೋಗಿ ಆರಿಸಿಕೊಂಡ ವಿಡಿಯೊದಿಂದ, ಟಾರ್ಚ್ ಬಲ್ಬು, ಸೆಲ್ಲು, ವೈರುಗಳಿಂದ, ಮತ್ತು ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಉಚಿತ ಸಿಮ್ಯುಲೇಶನ್‌ನಿಂದ, ಅಂದರೆ ಕಂಪ್ಯೂಟರ್ ಪರದೆಯ ಮೇಲೆಯೇ ಜೋಡಿಸಿ ನೋಡಬಹುದಾದ ಅಣಕು ಪ್ರಯೋಗದಿಂದ. ಪಾಠ ಮುಗಿದು ಹತ್ತು ದಿನಗಳಾದ ಮೇಲೆ, ಮೊದಲೇ ತಿಳಿಸದೆ, ಅದೇ ಎರಡು ಬಲ್ಬುಗಳ ಪ್ರಶ್ನೆಯನ್ನು ಕೇಳಿ ಕಾರಣ ಬರೆಸುವುದೇ ನನ್ನ ಅಳತೆಗೋಲು. ಇದನ್ನು ಸಂಶೋಧನೆ ಎನ್ನಲಾರೆ. ವರ್ಷದಿಂದ ವರ್ಷಕ್ಕೆ ಮಕ್ಕಳು ಬೇರೆ, ಮತ್ತು ಮೂರನೆಯ ವರ್ಷದ ನಾನು ಮೊದಲ ವರ್ಷದ ನಾನಲ್ಲ.

ಮೊದಲು ವಿಡಿಯೊ, ಏಕೆಂದರೆ ಅದರ ಬಗ್ಗೆ ಹೇಳಬೇಕಾದದ್ದು ಕಡಿಮೆ. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ವೇದಿಕೆಯ ಕೋಡ್‌ಗಳು ನಮ್ಮ ಪಠ್ಯಪುಸ್ತಕಗಳಲ್ಲಿಯೇ ಅಚ್ಚಾಗಿವೆ. ಆ್ಯಪ್‌ನಲ್ಲಿ ಕೋಡನ್ನು ಸ್ಕ್ಯಾನ್ ಮಾಡಿದರೆ, ಅಥವಾ ಅದರ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೆ, ಆ ಅಧ್ಯಾಯದ ಸಾಮಗ್ರಿ ತೆರೆದುಕೊಳ್ಳುತ್ತದೆ, ಮನೆಯಲ್ಲಿಯೇ ಇಳಿಸಿಟ್ಟುಕೊಂಡರೆ ತರಗತಿಯಲ್ಲಿ ಇಂಟರ್‌ನೆಟ್‌ನ ಹಂಗಿಲ್ಲ. ಸಿದ್ಧತೆಗೆ ಹಿಡಿಯುವ ಸಮಯವನ್ನಷ್ಟೇ ನೋಡಿದರೆ ಇದಕ್ಕೆ ಸಾಟಿಯಾದ ದಾರಿ ಇಲ್ಲ. ಗಲಾಟೆಗೆ ಹೆಸರಾದ ಬಿ ವಿಭಾಗ ಕಣ್ಣು ಮಿಟುಕಿಸದೆ ಕುಳಿತು ನೋಡಿತು, ನಾನು ಆ ಮೌನವನ್ನೇ ಕಲಿಕೆ ಎಂದು ತಿಳಿದೆ. ಹತ್ತು ದಿನಗಳ ನಂತರದ ಉತ್ತರಗಳಲ್ಲಿ ‘ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆಯೂ ಒಂದೇ ಆಗಿರುತ್ತದೆ’ ಎಂಬ ವಾಕ್ಯ ಅಚ್ಚುಕಟ್ಟಾಗಿ ಬಂದಿತ್ತು. ಅದರ ಕೆಳಗೇ, ಅದೇ ಶಾಯಿಯಲ್ಲಿ, ‘ಆದ್ದರಿಂದ ಮೊದಲ ಬಲ್ಬು ಹೆಚ್ಚು ಬೆಳಗುತ್ತದೆ’ ಎಂದೂ ಬಂದಿತ್ತು. ತಪ್ಪು ವಿಡಿಯೊದ್ದಲ್ಲ. ಅದನ್ನು ಒಂದು ಸಲವೂ ನಡುವೆ ನಿಲ್ಲಿಸದೆ, ಮುಂದೇನಾಗುತ್ತದೆ ಎಂದು ಯಾರನ್ನೂ ಕೇಳದೆ ಓಡಿಸಿದವಳು ನಾನು. ಮರುವರ್ಷ ಮೂರು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದಾಗ ಉತ್ತರಗಳು ಸುಧಾರಿಸಿದವು, ಆದರೆ ಆಗ ಕೆಲಸ ಮಾಡಿದ್ದು ವಿಡಿಯೊ ಅಲ್ಲ, ನಿಲುಗಡೆ. ಶರಾವತಿಯ ಜಲವಿದ್ಯುದಾಗಾರದಂಥ ಕಡೆ ಟರ್ಬೈನು ತಿರುಗುವುದನ್ನು ತೋರಿಸಬೇಕಾದಾಗ ವಿಡಿಯೊ ಬೇಕೇಬೇಕು. ಮಕ್ಕಳ ಕೈಗೆ ಕೊಡಬಹುದಾದ ಬಲ್ಬನ್ನು ವಿಡಿಯೊದಲ್ಲಿ ತೋರಿಸುವುದು ನನಗೀಗ ವ್ಯರ್ಥವೆನಿಸುತ್ತದೆ.

ಬಲ್ಬು ಮತ್ತು ವೈರುಗಳ ದಾರಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಯಾವುದೂ ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಎಲ್‌ಇಡಿ ಟಾರ್ಚುಗಳು ಬಂದ ಮೇಲೆ 2.5 ವೋಲ್ಟ್, 0.3 ಆಂಪಿಯರಿನ ಹಳೆಯ ತಂತು ಬಲ್ಬುಗಳು ಸಿಗುವುದೇ ದುರ್ಲಭವಾಗಿದ್ದು, ಹಾಸನದ ಅಂಗಡಿಯೊಂದರ ಅಟ್ಟದ ಡಬ್ಬಿಯಿಂದ ಆಯ್ದು ತಂದೆ. ನಲವತ್ತೈದು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ವೈರಿನ ತುದಿಯ ಪ್ಲಾಸ್ಟಿಕ್ ಸುಲಿಯುವುದರಲ್ಲಿ, ಸೆಲ್ಲಿನ ಗೂಡಿನ ತುಕ್ಕು ಕೆರೆಯುವುದರಲ್ಲಿಯೇ ಹೋಯಿತು. ಅದಾದ ಮೇಲೆ ಒಂದು ಗುಂಪಿನಲ್ಲಿ ನಾನು ಭಯಪಟ್ಟದ್ದೇ ನಡೆಯಿತು: ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಮೊದಲನೆಯದು ಮಂದವಾಗಿ ಬೆಳಗಿತು, ಎರಡನೆಯದು ಬೆಳಗಲೇ ಇಲ್ಲ. ‘ನೋಡಿ ಮೇಡಂ, ಮೊದಲನೇದೇ ಎಲ್ಲಾ ತಿಂದ್ಬಿಡ್ತು’ ಎಂದು ಹಿಂದಿನ ಬೆಂಚಿನವನು ಗೆದ್ದವನಂತೆ ಕೂಗಿದ. ಬಲ್ಬುಗಳು ಬೇರೆ ಬೇರೆ ತಯಾರಿಕೆಯವು, ಅವುಗಳ ರೋಧ ಒಂದೇ ಅಲ್ಲ ಎಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅದೇ ಗುಂಪಿನ ಹುಡುಗಿಯೊಬ್ಬಳು ಎರಡೂ ಬಲ್ಬುಗಳನ್ನು ಬಿಚ್ಚಿ ಜಾಗ ಬದಲಿಸಿದಳು. ಬೆಳಗುತ್ತಿದ್ದ ಬಲ್ಬು ಎರಡನೆಯ ಜಾಗದಲ್ಲಿಯೂ ಬೆಳಗಿತು, ಬೆಳಗದಿದ್ದದ್ದು ಮೊದಲ ಜಾಗಕ್ಕೆ ಬಂದರೂ ಬೆಳಗಲಿಲ್ಲ. ‘ತಿನ್ನೋದಾದ್ರೆ ಈಗ ಇದು ತಿನ್ಬೇಕಿತ್ತಲ್ಲ’ ಎಂದು ಅವಳು ಅವನಿಗೆ ಹೇಳಿದ ಮಾತನ್ನು ನನ್ನ ಯಾವ ಪಾಠಯೋಜನೆಯಲ್ಲಿಯೂ ಬರೆದಿರಲಿಲ್ಲ.

ನಿಜವಾದ ವಸ್ತುಗಳ ಬೆಲೆ ಇರುವುದು ಇಲ್ಲಿಯೇ. ಇನ್ನೊಂದು ಗುಂಪು ಮಲ್ಟಿಮೀಟರಿನಿಂದ ಬಲ್ಬಿನ ರೋಧವನ್ನು ಅಳೆದಾಗ ಒಂದು ಓಮ್‌ಗಿಂತ ಸ್ವಲ್ಪ ಹೆಚ್ಚು ತೋರಿಸಿತು. ಬಲ್ಬಿನ ಮೇಲೆ ಬರೆದಿದ್ದ 2.5 ಮತ್ತು 0.3ನ್ನು ಭಾಗಿಸಿದರೆ ಎಂಟು ಓಮ್‌ಗಿಂತ ಹೆಚ್ಚು ಬರುತ್ತದೆ. ತಣ್ಣಗಿರುವ ತಂತುವಿನ ರೋಧ ಬೇರೆ, ಕಾದು ಬೆಳಗುವ ತಂತುವಿನ ರೋಧ ಬೇರೆ ಎಂಬ ಮಾತಿಗೆ ಆ ಎರಡು ಸಂಖ್ಯೆಗಳೇ ಸಾಕ್ಷಿಯಾದವು. ಆದರೆ ಇಷ್ಟು ದೂರ ಬಂದದ್ದು ಎಂಟರಲ್ಲಿ ಎರಡು ಗುಂಪುಗಳು ಮಾತ್ರ. ಉಳಿದವರಿಗೆ ಆ ದಿನ ಕಲಿಸಿದ್ದು ವೈರು ಸುಲಿಯುವುದನ್ನು.

ಸಿಮ್ಯುಲೇಶನ್ ಈ ತೊಡಕುಗಳನ್ನೆಲ್ಲ ಒಮ್ಮೆಗೇ ತೆಗೆದುಹಾಕುತ್ತದೆ, ಅದೇ ಅದರ ಶಕ್ತಿ, ಅದೇ ಅದರ ಕೊರತೆ. ಫೆಟ್‌ನ ವಿದ್ಯುತ್ ಮಂಡಲದ ಕಿಟ್ ಅನ್ನು ಒಂದು ಫೈಲಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟರೆ ಯಾವ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಬೇಕಾದರೂ ಇಂಟರ್‌ನೆಟ್ ಇಲ್ಲದೆ ತೆರೆದುಕೊಳ್ಳುತ್ತದೆ. 9 ವೋಲ್ಟ್‌ನ ಬ್ಯಾಟರಿ, 10 ಓಮ್ ರೋಧದ ಬಲ್ಬು, ಒಂದು ಅಮ್ಮೀಟರ್ ಜೋಡಿಸಿದಾಗ 0.90 ಆಂಪಿಯರ್ ಎಂದು ತೋರಿಸಿತು. ಎರಡನೆಯ ಬಲ್ಬನ್ನು ಸರಣಿಯಲ್ಲಿ ಸೇರಿಸುವ ಮೊದಲು ನಾನು ಮೌಸ್ ಬಿಟ್ಟು, ಎರಡು ಬಲ್ಬುಗಳ ನಡುವೆ ಎಷ್ಟು, ಎರಡನೆಯದನ್ನು ದಾಟಿದ ಮೇಲೆ ಎಷ್ಟು ಎಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಬರೆದದ್ದನ್ನು ಹೊಡೆದುಹಾಕುವಂತಿಲ್ಲ ಎಂದೆ. ಪರದೆಯ ಮೇಲೆ ಎರಡೂ ಕಡೆ 0.45 ಬಂದಾಗ ಮೊದಲು ಬಂದ ಪ್ರತಿಕ್ರಿಯೆ ‘ಮೀಟ್ರು ಕೆಟ್ಟಿದೆ ಮೇಡಂ’ ಎಂಬುದು. ಕೆಟ್ಟಿದೆಯೋ ಇಲ್ಲವೋ ನೀವೇ ನೋಡಿ ಎಂದು ಮೌಸನ್ನು ಅವರಿಗೇ ಕೊಟ್ಟೆ. ಮಂಡಲದ ಎಲ್ಲಾ ಮೂಲೆಗಳಲ್ಲಿಯೂ ಅಮ್ಮೀಟರ್ ಇಟ್ಟು ನೋಡಿ, ಎಲ್ಲಿಟ್ಟರೂ 0.45 ಬಂದ ಮೇಲೆ ಒಪ್ಪಿದರು. ಸಮಾಂತರ ಜೋಡಣೆಯಲ್ಲಿ ಪ್ರತಿ ಬಲ್ಬಿನಲ್ಲೂ 0.90, ಬ್ಯಾಟರಿಯ ಬಳಿ 1.80 ಬಂದಾಗ ಮುಂದಿನ ಸಾಲಿನ ಹುಡುಗನೊಬ್ಬ, ಮನೆಯಲ್ಲಿ ಹೆಚ್ಚು ದೀಪ ಹಾಕಿದರೆ ಕರೆಂಟ್ ಮೀಟರಿನ ಕೆಂಪು ಚುಕ್ಕೆ ಬೇಗ ಬೇಗ ಮಿಟುಕುವುದು ಇದಕ್ಕೇನಾ ಎಂದು ಕೇಳಿದ. ಇಂಥ ಪ್ರಶ್ನೆ ಬಲ್ಬಿನ ತರಗತಿಯಲ್ಲಿ ಬಂದಿರಲಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆ ಕೇಳುವಷ್ಟು ಪುರುಸೊತ್ತೇ ಯಾರಿಗೂ ಇರಲಿಲ್ಲ.

ಎರಡು ಎಡವಟ್ಟುಗಳನ್ನೂ ಹೇಳಬೇಕು. ತಂತಿಯೊಳಗೆ ಹರಿಯುವ ನೀಲಿ ಗುಂಡುಗಳು ಎಲೆಕ್ಟ್ರಾನುಗಳು. ಅವು ಋಣ ಧ್ರುವದಿಂದ ಧನ ಧ್ರುವದ ಕಡೆಗೆ ಸಾಗುತ್ತವೆ, ಪಠ್ಯಪುಸ್ತಕದ ವಿದ್ಯುತ್ ಪ್ರವಾಹದ ಬಾಣವಾದರೋ ಅದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಮೊದಲ ಸಲ ಮಕ್ಕಳು ಇದನ್ನು ಗಮನಿಸಿ ಕೇಳಿದಾಗ, ಪುಸ್ತಕ ಸರಿಯೋ ಕಂಪ್ಯೂಟರ್ ಸರಿಯೋ ಎಂಬ ವಾದದಲ್ಲಿ ಹತ್ತು ನಿಮಿಷ ಕಳೆಯಿತು. ಗುಂಡುಗಳ ಬದಲು ಬಾಣಗಳನ್ನು ತೋರಿಸುವ ಆಯ್ಕೆ ಅದೇ ಪರದೆಯ ಮೇಲಿದೆ ಎಂಬುದು ನನಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ. ಇನ್ನೊಂದು ಸ್ವಲ್ಪ ಗಂಭೀರವಾದದ್ದು. ಬ್ಯಾಟರಿಯ ಎರಡು ತುದಿಗಳನ್ನು ಬರಿಯ ತಂತಿಯಿಂದ ಸೇರಿಸಿದರೆ ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಇಡೀ ತರಗತಿ ನಕ್ಕು ‘ಇನ್ನೊಂದ್ಸಲ’ ಎಂದಿತು. ಪರದೆಯ ಬೆಂಕಿ ಯಾರನ್ನೂ ಸುಡುವುದಿಲ್ಲ, ಮನೆಯ ಪ್ಲಗ್ಗಿನ ಬೆಂಕಿ ಹಾಗಲ್ಲ ಎಂಬುದನ್ನು ಅಂದಿನಿಂದ ನಾನು ಆ ನಗು ನಿಲ್ಲುವ ಮೊದಲೇ ಹೇಳುತ್ತೇನೆ.

ಹತ್ತು ದಿನಗಳ ನಂತರದ ಪ್ರಶ್ನೆಯಲ್ಲಿ ಸಿಮ್ಯುಲೇಶನ್ ನೋಡಿದವರೇ ಸ್ಪಷ್ಟವಾಗಿ ಮುಂದಿದ್ದರು, ಅದೂ ಊಹೆಯನ್ನು ಮೊದಲೇ ಬರೆಸಿದ ವರ್ಷ ಮಾತ್ರ. ಮೌಸನ್ನು ನಾನೇ ಹಿಡಿದುಕೊಂಡು ಚಕಚಕನೆ ತೋರಿಸಿದ ವರ್ಷದ ಉತ್ತರಗಳಿಗೂ ವಿಡಿಯೊ ನೋಡಿದವರ ಉತ್ತರಗಳಿಗೂ ಹೆಚ್ಚು ಅಂತರವಿರಲಿಲ್ಲ. ಆದರೆ ಒಂದು ಸೆಲ್ಲು, ಒಂದು ಬಲ್ಬು, ಒಂದೇ ವೈರು ಕೈಗೆ ಕೊಟ್ಟು ಬೆಳಗಿಸಿ ಎಂದರೆ, ಪರದೆಯ ಮೇಲೆ ಎಲ್ಲವನ್ನೂ ಜೋಡಿಸಿದ್ದ ಮಕ್ಕಳು ತಡವರಿಸಿದರು. ಬಲ್ಬಿನ ತಳದ ಚುಕ್ಕೆ ಒಂದು ತುದಿ, ಅದರ ಲೋಹದ ಕವಚ ಇನ್ನೊಂದು ತುದಿ ಎಂಬುದು ಬೆರಳಿಗೆ ಗೊತ್ತಾಗಬೇಕಾದ ಸಂಗತಿ.

ಪಾಠಯೋಜನೆ ಬರೆಯುವ ವಿಷಯದಲ್ಲಿಯೂ ನನಗೆ ಮೂರು ದಾರಿಗಳಿದ್ದವು. ಪಾಠ ಟಿಪ್ಪಣಿಯ ಪುಸ್ತಕದಲ್ಲಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳನ್ನು ಬರೆಯುತ್ತ ಬಂದಿದ್ದೆ; ನಿಜ ಹೇಳಬೇಕೆಂದರೆ, ಹಿಂದಿನ ವರ್ಷದ್ದನ್ನು ದಿನಾಂಕ ಬದಲಿಸಿ ನಕಲು ಮಾಡುತ್ತಿದ್ದೆ. ಸ್ಪ್ರೆಡ್‌ಶೀಟಿಗೆ ಬದಲಾದಾಗ ಮಳೆಯ ರಜೆ ಬಂದರೂ ಘಟಕಗಳ ದಿನಾಂಕಗಳನ್ನು ಒಟ್ಟಿಗೇ ಮುಂದೂಡಬಹುದು ಎಂಬ ಅನುಕೂಲ ಸಿಕ್ಕಿತು, ಆದರೆ ನಕಲು ಮಾಡುವುದು ಇನ್ನೂ ಸುಲಭವಾಯಿತು. ಮೂರನೆಯದಾಗಿ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಒಂದನ್ನು ಕೇಳಿದೆ. ಅದು ಅರೆ ನಿಮಿಷದಲ್ಲಿ ಕೊಟ್ಟ ಕನ್ನಡದ ಯೋಜನೆಯಲ್ಲಿ ‘ವಿದ್ಯುತ್ ಪ್ರವಾಹ’ ಎಂದಿರಬೇಕಾದ ಕಡೆ, ಇಂಗ್ಲಿಷಿನ ‘ಕರೆಂಟ್’ ಪದದ ಇನ್ನೊಂದು ಅರ್ಥ ಹಿಡಿದು, ‘ಪ್ರಸ್ತುತ’ ಎಂದಿತ್ತು, ‘ಪ್ರಸ್ತುತವು ಸರಣಿಯಲ್ಲಿ ಸಮನಾಗಿರುತ್ತದೆ’ ಎಂಬ ವಾಕ್ಯವನ್ನು ಶಿಕ್ಷಕರ ಕೊಠಡಿಯಲ್ಲಿ ಓದಿ ಎಲ್ಲರೂ ನಕ್ಕೆವು. ಇಡೀ ಯೋಜನೆಯನ್ನು ಕೇಳುವುದನ್ನು ಬಿಟ್ಟು, ಈ ಪಾಠದಲ್ಲಿ ಮಕ್ಕಳು ಹೇಳಬಹುದಾದ ತಪ್ಪು ಉತ್ತರಗಳನ್ನಷ್ಟೇ ಕೇಳಿದಾಗ ಅದು ಕೊಟ್ಟ ಪಟ್ಟಿ ಮಾತ್ರ ಉಪಯೋಗಕ್ಕೆ ಬಂತು. ಅದರಲ್ಲಿ ಬಹಳಷ್ಟನ್ನು ನಾನು ತರಗತಿಯಲ್ಲಿಯೇ ಕೇಳಿದ್ದೆ, ಆದರೆ ಎಂದೂ ಬರೆದಿಟ್ಟುಕೊಂಡಿರಲಿಲ್ಲ.

ಕೊನೆಗೆ ಪುಸ್ತಕಕ್ಕೇ ಮರಳಿದೆ, ಮೂರು ಅಂಕಣಗಳನ್ನು ಹೆಚ್ಚಿಗೆ ಎಳೆದುಕೊಂಡು: ಬರಬಹುದಾದ ತಪ್ಪು ಉತ್ತರ, ಕರೆಂಟ್ ಹೋದರೆ ಏನು, ನಿಜವಾಗಿ ನಡೆದದ್ದು. ಕೊನೆಯದನ್ನು ಪಾಠದ ನಂತರ, ಅದೇ ದಿನ ಬರೆಯುತ್ತೇನೆ, ಹಾಗಾಗಿ ಅದನ್ನು ಮರುವರ್ಷ ನಕಲು ಮಾಡಲು ಬರುವುದಿಲ್ಲ. ಆ ಅಂಕಣದ ಆಧಾರದ ಮೇಲೆಯೇ ಈಗ ಮೊದಲ ಅವಧಿ ಬಲ್ಬುಗಳಿಗೆ, ವೈರುಗಳನ್ನು ಹಿಂದಿನ ಸಂಜೆಯೇ ಸುಲಿದಿಟ್ಟು. ಎರಡನೆಯ ಅವಧಿ ಸಿಮ್ಯುಲೇಶನ್‌ಗೆ, ಮೌಸು ಗುಂಪಿಗೊಬ್ಬರ ಕೈಯಲ್ಲಿ. ಮೂರನೆಯ ಅವಧಿಯ ಹದಿನೈದು ನಿಮಿಷ ಮತ್ತೆ ಬಲ್ಬುಗಳಿಗೆ. ಒಂದನ್ನೇ ಆರಿಸಿಕೊಳ್ಳಿ ಎಂದರೆ, ಪ್ರೊಜೆಕ್ಟರ್ ಇರುವ ಶಾಲೆಯಲ್ಲಿ ಸಿಮ್ಯುಲೇಶನ್ ಎನ್ನುತ್ತೇನೆ, ಇಲ್ಲದ ಶಾಲೆಯವರು ತಮಗೇನೋ ದೊಡ್ಡದು ತಪ್ಪಿಹೋಯಿತೆಂದು ಕೊರಗಬೇಕಾಗಿಲ್ಲ.

ಈ ವರ್ಷ ಡಬ್ಬಿಯಲ್ಲಿ ಉಳಿದಿರುವ ತಂತು ಬಲ್ಬುಗಳು ಏಳು. ಬದಲಿಗೆ ಬಿಳಿ ಎಲ್‌ಇಡಿಗಳನ್ನು ತಂದು ಮೊನ್ನೆ ಮನೆಯಲ್ಲಿ ಪ್ರಯತ್ನಿಸಿದೆ: ಎರಡು ಸೆಲ್ಲಿನ ಮೂರು ವೋಲ್ಟಿಗೆ ಸರಣಿಯಲ್ಲಿ ಜೋಡಿಸಿದ ಎರಡು ಎಲ್‌ಇಡಿಗಳು ಬೆಳಗಲೇ ಇಲ್ಲ, ಒಂದನ್ನೇ ಜೋಡಿಸಿ ತಿರುಗುಮುರುಗು ಮಾಡಿದರೆ ಅದೂ ಬೆಳಗಲಿಲ್ಲ. ಮಕ್ಕಳು ಇದಕ್ಕೆ ಏನೆಂದು ಕಾರಣ ಕೊಡುತ್ತಾರೆ ಎಂಬುದು ಇನ್ನೂ ಗೊತ್ತಿಲ್ಲದ್ದರಿಂದ, ‘ತಪ್ಪು ಉತ್ತರ’ದ ಅಂಕಣವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.