ಒಳಚಾಚಿದ ನಾಜಲ್, ಹೊರಗಿನ ನಾಜಲ್: ಅಲ್ಯುಮಿನಿಯಂ ಕಿಟ್ಟ ಎಲ್ಲಿ ಕೂರುತ್ತದೆ?

ಘನ ಇಂಧನದ ರಾಕೆಟ್ ಮೋಟಾರಿಗೆ ನಾಜಲ್, ಅಂದರೆ ಬಿಸಿ ಅನಿಲ ರಭಸದಿಂದ ಹೊರಬರುವ ಕೊಳವೆಬಾಯಿ, ಕೂರಿಸಲು ಎರಡು ದಾರಿಗಳಿವೆ. ಅದನ್ನು ಪೂರ್ತಿ ಹೊರಗೇ ಇಡಬಹುದು, ಇಲ್ಲವೇ ಅದರ ಬಾಯಿಯನ್ನು ದಹನ ಕೊಠಡಿಯೊಳಕ್ಕೆ ಚಾಚಿಸಬಹುದು. ಇಂಧನದಲ್ಲಿ ಅಲ್ಯುಮಿನಿಯಂ ಇದ್ದಾಗ ಯಾವುದು ಮೇಲು? ಮಂಗಳೂರಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ಬೆಂಕಿಯ ಗೋಜಿಲ್ಲದೆ, ತಣ್ಣನೆಯ ಗಾಳಿಯಲ್ಲೇ ಇದನ್ನು ಪರೀಕ್ಷಿಸಿದೆವು.

ಅಲ್ಯುಮಿನಿಯಂ ಬೆರೆಸಿದರೆ ಜ್ವಾಲೆಯ ಬಿಸಿ ಏರುತ್ತದೆ, ಇಂಧನದ ಸಾಂದ್ರತೆ ಹೆಚ್ಚುತ್ತದೆ, ಕೊಠಡಿಯೊಳಗಿನ ಒತ್ತಡದ ಕಂಪನಗಳೂ ತಗ್ಗುತ್ತವೆ. ಆದರೆ ಅದು ಉರಿದು ಅನಿಲವಾಗುವುದಿಲ್ಲ, ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಆಗುತ್ತದೆ; ಇದು ಮೋಟಾರಿನೊಳಗೆ ಉಳಿದು ಕೂತರೆ ಅದೇ ಕಿಟ್ಟ. ನೂರು ಗ್ರಾಂ ಲೋಹಕ್ಕೆ ಸುಮಾರು 189 ಗ್ರಾಂ. ಅಮೆರಿಕದ ಸ್ಪೇಸ್ ಷಟಲ್‌ನ ಬೂಸ್ಟರ್ ಇಂಧನದಲ್ಲಿ ತೂಕದ 16 ಶೇಕಡಾ ಅಲ್ಯುಮಿನಿಯಂ ಇತ್ತು; ಅಂದರೆ ಹೊರಬರುವ ದ್ರವ್ಯದಲ್ಲಿ ಹೆಚ್ಚುಕಡಿಮೆ 30 ಶೇಕಡಾ ಈ ಶೇಷವೇ. ಹಿಗ್ಗುತ್ತಾ ವೇಗ ಪಡೆಯಬೇಕಾದದ್ದು ಅನಿಲ. ಕಣಗಳು ಅದರ ಬೆನ್ನಿಗೆ ಬಿದ್ದು ಹಿಂದುಳಿಯುತ್ತವೆ, ನೂಕುಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಕಣದ ವ್ಯಾಸ ಎರಡು ಪಟ್ಟಾದರೆ, ಅದು ಅನಿಲದ ವೇಗಕ್ಕೆ ಹೊಂದಿಕೊಳ್ಳಲು ಬೇಕಾದ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ.

ಮಾದರಿಗೆ ಹಂಪನಕಟ್ಟೆಯಲ್ಲಿ ನಾಮಫಲಕ ಮಾಡುವವರಿಂದ ಅಕ್ರಿಲಿಕ್ ಕೊಳವೆ ಕತ್ತರಿಸಿಕೊಂಡೆವು. ಕಣಗಳ ಬದಲಿಗೆ ಗಾಳಿಯೊಡನೆ ಹಾಯಿಸಲು, ಯಂತ್ರದ ಭಾಗಗಳ ತುಕ್ಕು ತೆಗೆಯಲು ಬಳಸುವ ಅಲ್ಯುಮಿನಾ ಪುಡಿ ಬೈಕಂಪಾಡಿಯಲ್ಲಿ ಸಿಕ್ಕಿತು; ನಯವಾದದ್ದು ಮತ್ತು ಒರಟಾದದ್ದು ಎರಡನ್ನೂ ತಂದೆವು. ಮಳೆಗಾಲದ ನಮ್ಮೂರಿನ ತೇವಕ್ಕೆ ನಯವಾದ ಪುಡಿ ಗಂಟುಕಟ್ಟುತ್ತದೆ. ಪ್ರತಿ ಸಲವೂ ಒಲೆಯಲ್ಲಿ ಒಣಗಿಸಿದ ಮೇಲೆಯೇ ತೂಗಿದೆವು.

ಹೊರಗಿನ ನಾಜಲ್‌ನಲ್ಲಿ ಎರಡು ಬಗೆಯ ಪುಡಿಯೂ ಬಹುಪಾಲು ಹೊರಬಿತ್ತು. ಒರಟು ಪುಡಿ ಕಿರಿದಾಗುವ ಗೋಡೆಗೆ ಬಡಿಯುತ್ತಾ ಹೋದದ್ದರಿಂದ ಕಂಠದ (ನಾಜಲ್‌ನ ಅತಿ ಕಿರಿದಾದ ಭಾಗದ) ಬಳಿ ಅಕ್ರಿಲಿಕ್ ಮಸುಕಾಯಿತು. ಸವೆತ ಇಲ್ಲಿನ ದಂಡ. ಒಳಚಾಚಿದ ನಾಜಲ್‌ನ ಕಥೆಯೇ ಬೇರೆ. ಬಾಯಿಯ ಹಿಂದೆ ಗೋಡೆಗೂ ಅದಕ್ಕೂ ನಡುವೆ ಒಂದು ಉಂಗುರದಂಥ ಕುಳಿ ಉಳಿಯುತ್ತದೆ. ಅನಿಲ ಬಾಯಿಯತ್ತ ಚುರುಕಾಗಿ ತಿರುಗುವಲ್ಲಿ ದೊಡ್ಡ ಕಣ ತಿರುಗಲಾರದೆ ನೇರ ಕುಳಿಗೇ ನುಗ್ಗುತ್ತದೆ. ಕೊಳವೆ ಅಡ್ಡವಾಗಿದ್ದಾಗ ಒರಟು ಪುಡಿ ಕುಳಿಯ ತಳದಲ್ಲಿ ಅರ್ಧಚಂದ್ರಾಕಾರವಾಗಿ ಕೂತಿತು. ನಾಜಲ್ ಕೆಳಗೆ ಬರುವಂತೆ ನಿಲ್ಲಿಸಿದಾಗ ಸುತ್ತಲೂ ತುಂಬಿತು. ನೆಲದ ಮೇಲೆ ಅಡ್ಡ ಮಲಗಿಸಿ ಉರಿಸಿದ ಮೋಟಾರಿನ ಕಿಟ್ಟವನ್ನು ಹಾರುವ ಮೋಟಾರಿನದೆಂದು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿಲ್ಲ. ನಯವಾದ ಪುಡಿಯಾದರೆ ಎರಡರಲ್ಲೂ ಅನಿಲದ ಜೊತೆಗೇ ಸಾಗಿತು, ವ್ಯತ್ಯಾಸ ಅತ್ಯಲ್ಪ.

ಕುಳಿಯಲ್ಲಿ ಕೂತ ಕಿಟ್ಟ ಹೊತ್ತೊಯ್ಯಬೇಕಾದ ವ್ಯರ್ಥ ಭಾರ. ಅದರ ತುಂಡೊಂದು ಕಿತ್ತು ಕಂಠವನ್ನು ಹಾದುಹೋದರೆ ಒತ್ತಡ ಕ್ಷಣಕಾಲ ಏರುತ್ತದೆ. ತಿರುಗುತ್ತಾ ಹಾರುವ ಮೇಲಿನ ಹಂತದ ಮೋಟಾರುಗಳಲ್ಲಿ ದ್ರವರೂಪದ ಕಿಟ್ಟ ಒಳಗೇ ತುಳುಕಿ ಓಲಾಟಕ್ಕೂ ಕಾರಣವಾಗಬಹುದು.

ಹಾಗಿದ್ದೂ ಒಳಚಾಚಿದ ನಾಜಲ್ ಅನ್ನು ಕೈಬಿಡಲಾಗದು. ಅದರಿಂದ ಮೋಟಾರಿನ ಉದ್ದ ಉಳಿಯುತ್ತದೆ, ನಾಜಲ್ ಬಾಗಿಸಿ ದಿಕ್ಕು ತಿದ್ದುವ ಮೃದು ಕೀಲಿಗೂ ಜಾಗ ಸಿಗುತ್ತದೆ. ಷಟಲ್ ಬೂಸ್ಟರಿನ ನಾಜಲ್ ಭಾಗಶಃ ಒಳಗಿದ್ದು, 8 ಡಿಗ್ರಿಯವರೆಗೂ ಬಾಗುತ್ತಿತ್ತು. ದಿಕ್ಕು ತಿದ್ದುವ ಅಗತ್ಯವಿಲ್ಲದ ಮೋಟಾರಿಗೆ ನನ್ನ ಮತ ಹೊರಗಿನದಕ್ಕೇ. ಅಗತ್ಯವಿದ್ದರೆ ನಾಜಲ್‌ಗಿಂತ ಮೊದಲು ಕಣಗಳನ್ನು ಸರಿಪಡಿಸಬೇಕು: ಉರಿಯುವ ಮೇಲ್ಮೈಯಲ್ಲಿ ಅಲ್ಯುಮಿನಿಯಂ ಒಟ್ಟುಗೂಡಿ ದೊಡ್ಡ ಹನಿಯಾಗದಂತೆ ಇಂಧನವನ್ನು ರೂಪಿಸಬೇಕು.

ನಮ್ಮ ಪುಡಿ ಒಣಗಿದ್ದು, ತಣ್ಣಗಿತ್ತು. ಅಲ್ಯುಮಿನಾ ಸುಮಾರು 2,050 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ದಹನ ಕೊಠಡಿ ಅದಕ್ಕಿಂತಲೂ ಬಿಸಿ. ಅಲ್ಲಿ ಕುಳಿಗೆ ಬಿದ್ದ ಹನಿಗಳು ಒಂದಕ್ಕೊಂದು ಕೂಡಿ ಕೊಳವಾಗುತ್ತವೆ, ಗಾಳಿ ಎಬ್ಬಿಸಿ ಒಯ್ಯುವ ಪುಡಿಯಾಗಿ ಉಳಿಯುವುದಿಲ್ಲ. ಹಾಗಾಗಿ ಒಳಚಾಚಿದ ನಾಜಲ್‌ಗೆ ನಮ್ಮ ಪರೀಕ್ಷೆ ಕೊಟ್ಟ ಅಂಕ, ಅದಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚೇ.