ಕೈ ಕಸೂತಿಯೋ, ಯಂತ್ರದ ಕಸೂತಿಯೋ: ಮದುವೆಯ ಸೀರೆ ಕೊಳ್ಳುವವರಿಗೆ ಒಂದು ಹೋಲಿಕೆ

ಧಾರವಾಡ ಅಥವಾ ಹುಬ್ಬಳ್ಳಿಯಲ್ಲಿ ಮದುವೆಗೆಂದು ಕಸೂತಿ ಸೀರೆ ಹುಡುಕುವವರ ಮುಂದೆ ಇಂದು ಎರಡು ಬಗೆಗಳಿವೆ: ಕೈಯಿಂದ ಹಾಕಿದ್ದು ಮತ್ತು ಕಂಪ್ಯೂಟರ್ ಯಂತ್ರ ಹೊಲಿದದ್ದು. ಕೈ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸುತ್ತ, ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿ ಕಟ್ಟೆ, ಆನೆಗಳನ್ನು ಮೂಡಿಸುತ್ತಾರೆ. ದಾರವು ಹೋದ ಹಾದಿಯಲ್ಲೇ ಮರಳಿ ಬಂದು ನಡುವಿನ ಖಾಲಿ ಜಾಗವನ್ನು ತುಂಬುವುದರಿಂದ ಗವಂತಿ, ಮುರ್ಗಿಗಳು ಸೀರೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ. ಯಂತ್ರದ ಕೆಲಸದ ಹಿಂಬದಿಯಲ್ಲಿ ಬೇರೆ ಕೆಳದಾರವೇ ಕಾಣುತ್ತದೆ. ಆದ್ದರಿಂದ ಸೆರಗನ್ನು ಮಗುಚಿ ನೋಡಿದ ಮೇಲೆಯೇ ಬೆಲೆ ಮಾತಾಡಬೇಕು.

ಯಂತ್ರದ್ದು ಅಗ್ಗ, ಬೇಗ ಸಿಗುತ್ತದೆ, ದಿನಬಳಕೆಗೆ ಸಾಕು.

ಜಾಗತೀಕರಣದಿಂದ ಈ ಕಲೆಗೆ ಬರೀ ಹಾನಿಯಾಯಿತೆಂಬ ವಾದವನ್ನು ನಾನು ಒಪ್ಪಲಾರೆ. ಅಗ್ಗದ ನಕಲನ್ನು ತಂದ ಮಾರುಕಟ್ಟೆಯೇ ದೂರದ ಗ್ರಾಹಕರನ್ನೂ ತಂದಿತು. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದಕ್ಕೆ ಅನುಗುಣವಾಗಿ ಭಾರತ 1999ರಲ್ಲಿ ರೂಪಿಸಿದ ಕಾಯ್ದೆಯಡಿಯಲ್ಲೇ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಹುಟ್ಟಿದ ಸೀಮೆಯೊಂದಿಗೆ ಬೆಸೆದ ಹೆಸರಿಗೆ ಕಾನೂನಿನ ರಕ್ಷಣೆ, ದೊರೆಯಿತು. ಆದರೆ ಹೆಸರಿಗೆ ರಕ್ಷಣೆ ಸಿಕ್ಕರೂ, ದಿನಗಟ್ಟಲೆ ಕಣ್ಣು ನೆಟ್ಟು ಹೊಲಿಯುವ ಹೆಣ್ಣುಮಕ್ಕಳಿಗೆ ತಕ್ಕ ಕೂಲಿ ಸಿಗದಿದ್ದರೆ ಹೊಸಬರು ಕಲಿಯಲು ಬರುವುದಿಲ್ಲವೆಂಬ ಚಿಂತೆ ನನ್ನದು. ಮದುವೆಯ ಮಟ್ಟಿಗಂತೂ ಎರಡು ಮೂರು ಸೀರೆಗಳ ಹಣವನ್ನು ಕೂಡಿಸಿ ಕೈ ಕಸೂತಿಯ ಒಂದೇ ಇಳಕಲ್ ಸೀರೆ ಕೊಳ್ಳುವುದು ಮೇಲು. ಮುಹೂರ್ತಕ್ಕೆ ಕೆಲವು ತಿಂಗಳು ಮೊದಲೇ ಹೇಳಿಟ್ಟಿರಬೇಕು.